ಗೇರ್‌ಬಾಕ್ಸಿನ ಕೆಂಪು ಎಣ್ಣೆ: ಕಾರ್ವೆಟ್ ಸಿ5ರಲ್ಲಿ ಎಣ್ಣೆ, ಫಿಲ್ಟರ್ ಬದಲಿಸುವ ಬಗೆ

ಆಟೋಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿರುವ ಎಣ್ಣೆಯೂ ಅದರ ಒಂದು ಬಿಡಿಭಾಗವೇ. ಎಂಜಿನ್ ಆಯಿಲ್‌ನ ಮುಖ್ಯ ಕೆಲಸ ಲೋಹ ಲೋಹಕ್ಕೆ ತಿಕ್ಕದಂತೆ ನೋಡಿಕೊಳ್ಳುವುದು. ಟ್ರಾನ್ಸ್‌ಮಿಷನ್ ಎಣ್ಣೆಗೆ ಆ ಕೆಲಸದ ಜೊತೆ ಇನ್ನೂ ಮೂರು ಹೊಣೆಗಳಿವೆ. ಎಂಜಿನ್ನಿನ ಶಕ್ತಿಯನ್ನು ಟಾರ್ಕ್ ಕನ್ವರ್ಟರ್ ಮೂಲಕ ಗೇರ್‌ಗಳಿಗೆ ದಾಟಿಸುವುದು ಒಂದು. ಪಂಪಿನ ಒತ್ತಡದಿಂದ ಒಳಗಿನ ಕ್ಲಚ್‌ಗಳನ್ನೂ ಬ್ಯಾಂಡ್‌ಗಳನ್ನೂ ಹಿಡಿದು ಬಿಡುವುದು ಎರಡನೆಯದು. ಅಲ್ಲಿ ಹುಟ್ಟುವ ಕಾವನ್ನು ಹೊತ್ತು ಕೂಲರ್‌ಗೆ ಒಯ್ಯುವುದು ಮೂರನೆಯದು. ಕ್ಲಚ್ ಫಲಕಗಳು ಎಷ್ಟು ಜಾರಬೇಕು, ಯಾವ ಕ್ಷಣಕ್ಕೆ ಕಚ್ಚಿಕೊಳ್ಳಬೇಕು ಎಂಬುದೂ ಈ ಎಣ್ಣೆಯಲ್ಲಿ ಬೆರೆಸಿರುವ ರಾಸಾಯನಿಕಗಳನ್ನೇ ಅವಲಂಬಿಸಿದೆ. ಹಾಗಾಗಿ ಎಣ್ಣೆ ಹಳತಾದರೆ ಗೇರ್‌ಬಾಕ್ಸಿನ ಒಂದು ಭಾಗ ಸವೆದಂತೆಯೇ ಲೆಕ್ಕ. ಅದರ ಮಟ್ಟ ಕಡಿಮೆಯಾದರೆ ಯಂತ್ರದ ಕೆಲಸವೇ ಏರುಪೇರಾಗುತ್ತದೆ.

ಈ ಎಣ್ಣೆಯನ್ನೂ ಅದರ ಫಿಲ್ಟರನ್ನೂ ಕಾರಿನ ಮಾಲೀಕರೇ ಬದಲಿಸಿಕೊಳ್ಳುವ ಪದ್ಧತಿ ಅಮೆರಿಕದಲ್ಲಿ ಬಹುಕಾಲದಿಂದ ಇದೆ. ಕೂಲಿ ದುಬಾರಿಯಾದ ಆ ದೇಶದಲ್ಲಿ ಮನೆಗೊಂದು ಗ್ಯಾರೇಜು, ಗ್ಯಾರೇಜಿನಲ್ಲೊಂದು ಜಾಕು ಸಾಮಾನ್ಯ. ಜನರಲ್ ಮೋಟಾರ್ಸ್ ಕಂಪನಿಯ ಷೆವರ್ಲೆ ಕಾರ್ವೆಟ್ ಸಿ5 ಇದಕ್ಕೆ ಒಳ್ಳೆಯ ಉದಾಹರಣೆ. 1997ರಿಂದ 2004ರವರೆಗಿನ ಮಾದರಿಗಳಾಗಿ ಕೆಂಟಕಿ ರಾಜ್ಯದ ಬೌಲಿಂಗ್ ಗ್ರೀನ್ ಕಾರ್ಖಾನೆಯಿಂದ ಹೊರಬಂದ ಈ ಸ್ಪೋರ್ಟ್ಸ್ ಕಾರುಗಳು ಇಂದು ಎರಡನೆಯ, ಮೂರನೆಯ ಮಾಲೀಕರ ಕೈಯಲ್ಲಿವೆ. ಅವುಗಳ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಇನ್ನೂ ಎಷ್ಟು ಕಾಲ ಬಾಳುತ್ತದೆ ಎಂಬುದು ಬಹುಮಟ್ಟಿಗೆ ಎಣ್ಣೆಯ ಆರೈಕೆಯ ಮೇಲೆ ನಿಂತಿದೆ.

ಹಿಂಬದಿಯಲ್ಲಿರುವ ಗೇರ್‌ಬಾಕ್ಸ್

ಕಾರ್ವೆಟ್‌ಗೂ ಆಟೋಮ್ಯಾಟಿಕ್‌ಗೂ ನಂಟು ಮೊದಲಿನಿಂದಲೂ ಇದೆ. 1953ರಲ್ಲಿ ತಯಾರಾದ ಮೊದಲ 300 ಕಾರುಗಳಲ್ಲೂ ಪವರ್‌ಗ್ಲೈಡ್ ಎಂಬ ಎರಡು ಗೇರಿನ ಆಟೋಮ್ಯಾಟಿಕ್ ಇತ್ತು. ಸಿ5ರಲ್ಲಿರುವುದು 4ಎಲ್60-ಇ ಎಂಬ ನಾಲ್ಕು ಗೇರಿನ ಪೆಟ್ಟಿಗೆ. ಹೆಸರಿನಲ್ಲಿರುವ 4 ಮುಂದಕ್ಕೆ ಹೋಗುವ ಗೇರ್‌ಗಳ ಸಂಖ್ಯೆ, ‘ಎಲ್’ ಉದ್ದುದ್ದವಾಗಿ ಕೂರಿಸಿದ್ದು ಎಂಬುದರ ಗುರುತು, 60 ಅದರ ತಾಳಿಕೆಯ ದರ್ಜೆ, ‘ಇ’ ಎಂದರೆ ಎಲೆಕ್ಟ್ರಾನಿಕ್ ನಿಯಂತ್ರಣ. ಮೊದಲ ಗೇರಿನ ಅನುಪಾತ 3.06, ನಾಲ್ಕನೆಯದು 0.70. ಇದೇ ಪೆಟ್ಟಿಗೆ ಷೆವರ್ಲೆಯ ಪಿಕಪ್ ಟ್ರಕ್‌ಗಳಲ್ಲೂ ಬಳಕೆಯಾಗಿದ್ದರಿಂದ ಅದರ ಫಿಲ್ಟರ್, ಗ್ಯಾಸ್ಕೆಟ್‌ಗಳು ಸುಲಭವಾಗಿ ಸಿಗುತ್ತವೆ.

ಸಾಮಾನ್ಯ ಕಾರುಗಳಲ್ಲಿ ಗೇರ್‌ಬಾಕ್ಸ್ ಎಂಜಿನ್ನಿಗೆ ಅಂಟಿಕೊಂಡಿರುತ್ತದೆ. ಸಿ5ರಲ್ಲಿ 5.7 ಲೀಟರಿನ ವಿ8 ಎಂಜಿನ್ ಮುಂದಿದ್ದರೆ ಗೇರ್‌ಬಾಕ್ಸ್ ಹಿಂದಿನ ಚಕ್ರಗಳ ಬಳಿ ಇದೆ. ಎರಡರ ನಡುವೆ ಟಾರ್ಕ್ ಟ್ಯೂಬ್ ಎಂಬ ಗಟ್ಟಿ ಕೊಳವೆಯೊಳಗೆ ತಿರುಗುವ ದಂಡವಿದೆ. ಕಾರಿನ ಭಾರ ಮುಂದಕ್ಕೂ ಹಿಂದಕ್ಕೂ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗಲಿ, ತಿರುವಿನಲ್ಲಿ ಕಾರು ಹದವಾಗಿ ಹೊರಳಲಿ ಎಂಬುದು ಈ ಜೋಡಣೆಯ ಉದ್ದೇಶ. ನಿರ್ವಹಣೆಗೆ ಬಂದಾಗ ಇದರಿಂದ ಮೂರು ಪರಿಣಾಮಗಳಿವೆ. ಮೊದಲನೆಯದಾಗಿ, ಬಾನೆಟ್ ಎತ್ತಿ ಎಣ್ಣೆ ನೋಡಲು ಡಿಪ್‌ಸ್ಟಿಕ್ ಇಲ್ಲ. ಮಟ್ಟ ನೋಡಬೇಕಾದರೆ ಕಾರಿನ ಅಡಿಗೇ ಹೋಗಬೇಕು. ಎರಡನೆಯದಾಗಿ, ಎಣ್ಣೆ ತಣಿಸುವ ಕೂಲರ್ ಮುಂದಿನ ರೇಡಿಯೇಟರ್‌ನಲ್ಲಿರುವುದರಿಂದ ಕೊಳವೆಗಳು ಕಾರಿನ ಉದ್ದಕ್ಕೂ ಹಾದುಹೋಗುತ್ತವೆ. ಮೂರನೆಯದಾಗಿ, ಗೇರ್‌ಬಾಕ್ಸಿನ ಬೆನ್ನಿಗೇ ಡಿಫರೆನ್ಷಿಯಲ್ ಜೋಡಿಸಿದೆ. ಅದರ ಎಣ್ಣೆ ಬೇರೆ, ಪ್ಲಗ್‌ಗಳೂ ಬೇರೆ. ಅಡಿಗೆ ಹೋದವರು ಮೊದಲು ಯಾವುದು ಗೇರ್‌ಬಾಕ್ಸಿನ ಪ್ಯಾನ್ (ತಳದ ಎಣ್ಣೆ ತಟ್ಟೆ), ಯಾವುದು ಡಿಫರೆನ್ಷಿಯಲ್ ಎಂದು ಗುರುತಿಸಿಕೊಳ್ಳಬೇಕು. ಒಂದರ ಎಣ್ಣೆ ಇನ್ನೊಂದಕ್ಕೆ ಬಿದ್ದರೆ ಎರಡೂ ಕೆಡುತ್ತವೆ.

ಎಣ್ಣೆ ಏಕೆ ಹಾಳಾಗುತ್ತದೆ

ಟ್ರಾನ್ಸ್‌ಮಿಷನ್ ಎಣ್ಣೆಯ ದೊಡ್ಡ ಶತ್ರು ಕಾವು. ಟಾರ್ಕ್ ಕನ್ವರ್ಟರ್‌ನಲ್ಲಿ ಎಣ್ಣೆಯನ್ನು ಒಂದು ಚಕ್ರ ಎಸೆಯುತ್ತದೆ, ಇನ್ನೊಂದು ಚಕ್ರ ಅದರ ಹೊಡೆತಕ್ಕೆ ತಿರುಗುತ್ತದೆ. ಎರಡರ ವೇಗದಲ್ಲಿ ಅಂತರ ಇರುವಷ್ಟು ಹೊತ್ತೂ ಎಂಜಿನ್ನಿನ ಶಕ್ತಿಯ ಒಂದು ಪಾಲು ಕಾವಾಗಿ ಎಣ್ಣೆಗೆ ಸೇರುತ್ತದೆ. ನಿಂತು ಹೊರಡುವ ಸಂಚಾರ, ಗುಡ್ಡದ ಏರು, ರೇಸ್ ಟ್ರ್ಯಾಕಿನ ಓಟ ಇವೆಲ್ಲ ಆ ಅಂತರವನ್ನು ಹೆಚ್ಚಿಸುತ್ತವೆ. ಎಣ್ಣೆಯ ಉಷ್ಣತೆ 80 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಪ್ರತಿ 11 ಡಿಗ್ರಿ ಏರಿಕೆಗೂ ಅದರ ಆಯಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ಗೇರ್‌ಬಾಕ್ಸ್ ರಿಪೇರಿ ಮಾಡುವವರು ಪಾಲಿಸಿಕೊಂಡು ಬಂದಿರುವ ಸ್ಥೂಲ ಲೆಕ್ಕ.

ಕಾದ ಎಣ್ಣೆ ಗಾಳಿಯ ಆಮ್ಲಜನಕದೊಡನೆ ಸೇರಿ ಕಪ್ಪಾಗುತ್ತದೆ. ಅದರಲ್ಲಿ ಅಂಟು ಮಡ್ಡಿ ಹುಟ್ಟಿ, ಕೂದಲೆಳೆಯಷ್ಟು ಸಂದಿನಲ್ಲಿ ಓಡಾಡುವ ವಾಲ್ವ್‌ಗಳಿಗೆ ಮೆತ್ತಿಕೊಳ್ಳುತ್ತದೆ. ಗೇರ್ ಹಲ್ಲುಗಳ ನಡುವೆ ಅರೆದು ಅರೆದು ಎಣ್ಣೆಯ ಜಿಗುಟು ತೆಳುವಾಗುತ್ತದೆ. ಘರ್ಷಣೆಯನ್ನು ಹದದಲ್ಲಿಡುವ ರಾಸಾಯನಿಕಗಳು ಖರ್ಚಾಗುತ್ತವೆ. ಜೊತೆಗೆ ಕ್ಲಚ್ ಫಲಕಗಳ ಸವಕಲು ಪುಡಿ ಸೇರುತ್ತಾ ಹೋಗುತ್ತದೆ. ಇದರ ಫಲವಾಗಿ ಗೇರ್ ಬದಲಾಗುವಾಗ ಕಾರು ಕುಲುಕುತ್ತದೆ, ಡ್ರೈವ್‌ಗೆ ಹಾಕಿದ ಮೇಲೆ ಚಲಿಸಲು ತಡಮಾಡುತ್ತದೆ, ಹೆದ್ದಾರಿಯ ವೇಗದಲ್ಲಿ ಕನ್ವರ್ಟರ್ ಕ್ಲಚ್ ಹಿಡಿಯುವ ಹೊತ್ತಿಗೆ ನಡುಗುತ್ತದೆ.

ಎಣ್ಣೆಯ ಬಣ್ಣ ಮತ್ತು ವಾಸನೆ ಬಹಳಷ್ಟು ಹೇಳುತ್ತವೆ. ಹೊಸ ಎಣ್ಣೆ ಸ್ವಚ್ಛ ಕೆಂಪು. ಸೋರಿದಾಗ ಎಂಜಿನ್ ಆಯಿಲ್‌ನಿಂದ ಬೇರೆಯಾಗಿ ಗುರುತಾಗಲಿ ಎಂದು ಆ ಬಣ್ಣ ಬೆರೆಸಿರುತ್ತಾರೆ. ಕಂದು ಬಣ್ಣಕ್ಕೆ ತಿರುಗಿದ್ದರೆ ವಯಸ್ಸಾಗಿದೆ ಎಂದರ್ಥ. ಕಪ್ಪಾಗಿ ಸುಟ್ಟ ವಾಸನೆ ಹೊಡೆದರೆ ಕ್ಲಚ್ ಬೆಂದಿದೆ. ಹಾಲು ಬೆರೆಸಿದಂತೆ ನಸುಗೆಂಪಾಗಿದ್ದರೆ ರೇಡಿಯೇಟರಿನೊಳಗಿನ ಕೂಲರ್ ತೂತಾಗಿ ಕೂಲೆಂಟ್ ನುಗ್ಗಿದೆ. ಈ ಕೊನೆಯ ಸ್ಥಿತಿಯಲ್ಲಿ ಬರೀ ಎಣ್ಣೆ ಬದಲಿಸಿ ಪ್ರಯೋಜನವಿಲ್ಲ. ನೀರಿನ ಅಂಶ ಕ್ಲಚ್ ಫಲಕದ ಅಂಟನ್ನೇ ಬಿಡಿಸುವುದರಿಂದ ಕೂಡಲೇ ಮೆಕ್ಯಾನಿಕ್ ಬಳಿ ಒಯ್ಯಬೇಕು.

ಕಠಿಣ ಬಳಕೆಯ ಸಿ5ಗೆ ತಯಾರಕರು ನಿಗದಿ ಮಾಡಿದ್ದು 50 ಸಾವಿರ ಮೈಲಿಗೊಮ್ಮೆ, ಅಂದರೆ ಸುಮಾರು 80 ಸಾವಿರ ಕಿಲೋಮೀಟರಿಗೊಮ್ಮೆ ಎಣ್ಣೆ ಮತ್ತು ಫಿಲ್ಟರ್ ಬದಲಾವಣೆ. 32 ಡಿಗ್ರಿ ಮೀರುವ ಬಿಸಿಲಿನಲ್ಲಿ ದಟ್ಟ ನಗರ ಸಂಚಾರ, ಗುಡ್ಡಗಾಡಿನ ಓಡಾಟ ಇವು ಕಠಿಣ ಬಳಕೆಯ ಸಾಲಿಗೆ ಸೇರುತ್ತವೆ. ಅಂಥ ಬಳಕೆ ಇಲ್ಲದಿದ್ದರೆ 1 ಲಕ್ಷ ಮೈಲಿ. ಆದರೆ ಇವೆಲ್ಲ ಹೊಸ ಕಾರಿಗೆ ಹಾಕಿದ ಲೆಕ್ಕ. ಇಪ್ಪತ್ತು ವರ್ಷ ದಾಟಿದ, ಹಿಂದಿನ ಮಾಲೀಕರು ಏನು ಮಾಡಿದ್ದಾರೆಂದು ದಾಖಲೆ ಇಲ್ಲದ ಕಾರಿಗೆ ಮೀಟರಿನ ಅಂಕಿಗಿಂತ ಎಣ್ಣೆಯ ಸ್ಥಿತಿಯೇ ಸರಿಯಾದ ಸೂಚನೆ.

ಯಾವ ಎಣ್ಣೆ

ಜನರಲ್ ಮೋಟಾರ್ಸ್ ತನ್ನ ಗೇರ್‌ಬಾಕ್ಸ್‌ಗಳಿಗೆ ಎಣ್ಣೆಯ ಗುಣಮಟ್ಟವನ್ನು ತಾನೇ ಗೊತ್ತುಮಾಡುತ್ತದೆ. 1949ರ ‘ಟೈಪ್ ಎ’ ಮೊದಲನೆಯದು. 1960ರ ದಶಕದ ಕೊನೆಯಲ್ಲಿ ಡೆಕ್ಸ್‌ರಾನ್ ಹೆಸರು ಬಂತು. ಆ ಕಾಲದ ಎಣ್ಣೆಗಳಲ್ಲಿ ಘರ್ಷಣೆಯನ್ನು ಹದಗೊಳಿಸಲು ಸ್ಪರ್ಮ್ ತಿಮಿಂಗಿಲದ ಎಣ್ಣೆ ಬೆರೆಸುತ್ತಿದ್ದರು. 1970ರ ದಶಕದ ಆರಂಭದಲ್ಲಿ ಅಮೆರಿಕ ಅಳಿವಿನಂಚಿನ ಜೀವಿಗಳ ರಕ್ಷಣೆಗೆ ಕಾನೂನು ಬಿಗಿ ಮಾಡಿದ ಮೇಲೆ ಬೇರೆ ಪದಾರ್ಥ ಹುಡುಕಬೇಕಾಯಿತು. ಡೆಕ್ಸ್‌ರಾನ್-2 ಆ ಬದಲಾವಣೆಯ ಕಾಲದ್ದು. ಸಿ5 ಕಾರ್ಖಾನೆಯಿಂದ ಬಂದದ್ದು ಡೆಕ್ಸ್‌ರಾನ್-3 ತುಂಬಿಸಿಕೊಂಡು. ಆ ದರ್ಜೆಯ ಪರವಾನಗಿಗಳನ್ನು ಕಂಪನಿ 2006ರ ಕೊನೆಗೆ ಮುಗಿಸಿತು. ಅದರ ಜಾಗಕ್ಕೆ ಬಂದ ಡೆಕ್ಸ್‌ರಾನ್-6 ಹಳೆಯ ಪೆಟ್ಟಿಗೆಗಳಿಗೂ ಹೊಂದುತ್ತದೆ ಎಂದು ಕಂಪನಿಯೇ ಹೇಳಿದೆ. ಹೊಸದರಲ್ಲಿ ಅದು ಡೆಕ್ಸ್‌ರಾನ್-3ಕ್ಕಿಂತ ಸ್ವಲ್ಪ ತೆಳು. ಆದರೆ ಅರೆತಕ್ಕೆ ತೆಳುವಾಗುತ್ತಾ ಹೋಗುವ ದೋಷ ಅದರಲ್ಲಿ ಕಡಿಮೆ, ಕಾವನ್ನೂ ಹೆಚ್ಚು ತಾಳುತ್ತದೆ. ಎಲ್ಲ ಕಾರಿಗೂ ಆಗುತ್ತದೆ ಎಂದು ಮಾರುವ ಎಣ್ಣೆಗಿಂತ ಡಬ್ಬಿಯ ಮೇಲೆ ಡೆಕ್ಸ್‌ರಾನ್-6ರ ಪರವಾನಗಿ ಗುರುತಿರುವ ಎಣ್ಣೆ ಮೇಲು.

ಕಾರನ್ನು ಎತ್ತುವುದು

ಈ ಕೆಲಸದಲ್ಲಿ ಜೀವಕ್ಕೆ ಹೆಚ್ಚು ಅಪಾಯವಿರುವ ಹಂತ ಇದು. ಆದ್ದರಿಂದ ಹೆಚ್ಚು ಹೊತ್ತು ಹಿಡಿದರೂ ಪರವಾಗಿಲ್ಲ. ಸಿ5 ನೆಲಕ್ಕೆ ತೀರಾ ಹತ್ತಿರ ಇರುವುದರಿಂದ ಸಾಮಾನ್ಯ ಟ್ರಾಲಿ ಜಾಕ್ ಅಡಿಗೆ ತೂರುವುದಿಲ್ಲ. ಮೊದಲು ನಾಲ್ಕೂ ಚಕ್ರಗಳನ್ನು ದಪ್ಪ ಹಲಗೆಗಳ ಮೇಲೆ ಹತ್ತಿಸಿಕೊಳ್ಳಬೇಕು, ಇಲ್ಲವೇ ತಗ್ಗು ಜಾಕ್ ಬಳಸಬೇಕು. ಕಾರಿನ ಬದಿಯ ಫಲಕಗಳು ಫೈಬರ್ ಪದರದವು; ಜಾಕ್ ಅವುಗಳಿಗೆ ತಾಗಿದರೆ ಬಿರುಕು ಬಿಡುತ್ತವೆ. ಮುಂದಿನ ಚಕ್ರಗಳ ಹಿಂದೆ, ಹಿಂದಿನ ಚಕ್ರಗಳ ಮುಂದೆ ಚೌಕಟ್ಟಿನಲ್ಲಿ ಉದ್ದನೆಯ ಸೀಳುಗಳಿವೆ. ಅವುಗಳಲ್ಲಿ ಸಿಕ್ಕಿಸುವ ರಬ್ಬರ್ ಅಥವಾ ಪ್ಲಾಸ್ಟಿಕ್ ಬಿಲ್ಲೆಗಳು ಸಿಗುತ್ತವೆ. ಜಾಕ್ ಆ ಬಿಲ್ಲೆಗೇ ತಾಗಬೇಕು. ಹಿಂದುಗಡೆ ಅಡ್ಡಲಾಗಿ ಹಾದುಹೋಗುವ ಸ್ಪ್ರಿಂಗ್ ಪಟ್ಟಿ ಲೋಹದ್ದಲ್ಲ, ಫೈಬರ್ ಮಿಶ್ರಣದ್ದು. ಅದರ ಮೇಲೆ ಜಾಕ್ ಇಡಲೇಬಾರದು.

ಮಟ್ಟ ನೋಡುವಾಗ ಕಾರು ಸಮತಲವಾಗಿ ನಿಂತಿರಬೇಕಾದ್ದರಿಂದ ಹಿಂಬದಿಯನ್ನು ಮಾತ್ರ ಎತ್ತಿದರೆ ಸಾಲದು. ನಾಲ್ಕೂ ಕಡೆ ಗಟ್ಟಿಯಾದ ಸ್ಟ್ಯಾಂಡ್‌ಗಳ ಮೇಲೆ ಕೂರಿಸಿ, ಕಾರನ್ನು ಕೈಯಿಂದ ಜೋರಾಗಿ ಅಲುಗಿಸಿ ನೋಡಿ ಆಮೇಲೆ ಅಡಿಗೆ ಹೋಗಬೇಕು. ಜಾಕ್ ಒಂದನ್ನೇ ನಂಬಿ ಎಂದೂ ಅಡಿಗೆ ಹೋಗಬಾರದು. ನೆಲ ಗಟ್ಟಿ ಕಾಂಕ್ರೀಟಾಗಿರಬೇಕು. ಮುಂದೆ ಎಂಜಿನ್ ಚಾಲೂ ಮಾಡಬೇಕಾಗುವುದರಿಂದ ಗ್ಯಾರೇಜಿನ ಬಾಗಿಲು ತೆರೆದಿರಬೇಕು. ಮುಚ್ಚಿದ ಕೋಣೆಯಲ್ಲಿ ತುಂಬಿಕೊಳ್ಳುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಹಳೆಯ ಎಣ್ಣೆ ಇಳಿಸುವುದು

ಎಣ್ಣೆ ಉಗುರುಬೆಚ್ಚಗಿದ್ದರೆ ಸರಾಗವಾಗಿ ಇಳಿಯುತ್ತದೆ, ಅಡಿಯ ಕಸವೂ ಜೊತೆಗೆ ಬರುತ್ತದೆ. ಆಗಷ್ಟೇ ಓಡಿಸಿದ ಕಾರಿನ ಎಣ್ಣೆಯಾದರೆ ಕೈ ಬೇಯುತ್ತದೆ, ಪಕ್ಕದ ಎಕ್ಸಾಸ್ಟ್ ಪೈಪ್ ಇನ್ನೂ ಹೆಚ್ಚು ಸುಡುತ್ತದೆ. ಸ್ವಲ್ಪ ಓಡಿಸಿ, ಒಂದು ಗಂಟೆ ಬಿಟ್ಟು ಶುರುಮಾಡುವುದು ಒಳ್ಳೆಯದು. ಪ್ಯಾನ್ ಹೊರತೆಗೆಯಲು ಎಕ್ಸಾಸ್ಟ್ ಪೈಪ್ ಅಡ್ಡ ಬಂದರೆ ಅದರ ಹಿಡಿಕೆಗಳನ್ನು ಸಡಿಲಿಸಿ ತಗ್ಗಿಸಿಕೊಳ್ಳಬೇಕು.

ಎಣ್ಣೆ ಇಳಿಸುವ ಮೊದಲು ಮಾಡಬೇಕಾದ ಒಂದು ಕೆಲಸವಿದೆ. ಎಣ್ಣೆ ತುಂಬಿಸುವ ಪ್ಲಗ್ ಬಿಚ್ಚಿಕೊಳ್ಳುತ್ತದೆಯೇ ಎಂದು ಮೊದಲೇ ಸಡಿಲಿಸಿ ನೋಡಬೇಕು. ವರ್ಷಗಟ್ಟಲೆ ಮುಟ್ಟದ ಪ್ಲಗ್ ತುಕ್ಕು ಹಿಡಿದು ಕಚ್ಚಿಕೊಂಡಿರಬಹುದು, ಅದರ ಮೂಲೆಗಳು ಸವೆದು ಸ್ಪ್ಯಾನರ್ ಜಾರಬಹುದು. ಎಣ್ಣೆಯೆಲ್ಲ ಇಳಿಸಿದ ಮೇಲೆ ಇದು ಗೊತ್ತಾದರೆ ತುಂಬಿಸಲು ದಾರಿಯಿಲ್ಲದೆ ಕಾರು ಸ್ಟ್ಯಾಂಡಿನ ಮೇಲೇ ಉಳಿಯುತ್ತದೆ.

ಪ್ಯಾನ್‌ಗೆ ಡ್ರೈನ್ ಪ್ಲಗ್ ಇದ್ದರೆ ಮೊದಲು ಅದರಿಂದ ಎಣ್ಣೆ ಇಳಿಸಬೇಕು. ಇಲ್ಲದಿದ್ದರೆ ಅಗಲವಾದ ತಟ್ಟೆ ಕೆಳಗಿಟ್ಟು, ಪ್ಯಾನ್ ಹಿಡಿದಿರುವ 16 ಬೋಲ್ಟ್‌ಗಳಲ್ಲಿ ಒಂದು ಬದಿಯವನ್ನು ಪೂರ್ತಿ ಬಿಚ್ಚಿ, ಎದುರು ಬದಿಯವನ್ನು ಕೆಲವು ಸುತ್ತು ಮಾತ್ರ ಸಡಿಲಿಸಬೇಕು. ಪ್ಯಾನ್ ಒಂದು ಮಗ್ಗುಲಿಗೆ ಬಾಗಿ ಎಣ್ಣೆ ಆ ಮೂಲೆಯಿಂದ ಇಳಿಯುತ್ತದೆ. ಗ್ಯಾಸ್ಕೆಟ್ ಅಂಟಿಕೊಂಡಿದ್ದರೆ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಸಾಕು. ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಅಲ್ಯೂಮಿನಿಯಂ ಅಂಚಿನಲ್ಲಿ ಗೀರು ಬೀಳುತ್ತದೆ, ಎಣ್ಣೆ ಜಿನುಗಲು ಆ ಗೀರೇ ದಾರಿ. ಇಳಿದ ಎಣ್ಣೆ ಎಷ್ಟು ಎಂದು ಅಳೆದಿಟ್ಟುಕೊಳ್ಳುವುದು ಉಪಯುಕ್ತ. ಹೊಸದನ್ನು ಮೊದಲ ಸುತ್ತಿಗೆ ಎಷ್ಟು ಹಾಕಬೇಕೆಂಬುದಕ್ಕೆ ಅದು ಆಧಾರ.

ಪ್ಯಾನಿನ ತಳದಲ್ಲಿ ಸಿಗುವ ಸುಳಿವು

ಪ್ಯಾನಿನೊಳಗೆ ಒಂದು ಚಿಕ್ಕ ಅಯಸ್ಕಾಂತ ಕೂತಿರುತ್ತದೆ. ಗೇರ್‌ಬಾಕ್ಸ್ ಬಿಚ್ಚದೆಯೇ ಅದರ ಆರೋಗ್ಯ ಅಳೆಯಲು ಇದಕ್ಕಿಂತ ಒಳ್ಳೆಯ ಸಾಧನವಿಲ್ಲ. ವಿಭೂತಿಯನ್ನು ನೀರಿನಲ್ಲಿ ಕಲಸಿದಂಥ ನುಣ್ಣನೆಯ ಬೂದು ಲೇಪ ಅದರ ಮೇಲಿದ್ದರೆ ಗಾಬರಿಪಡಬೇಕಿಲ್ಲ. ಸಾವಿರಾರು ಕಿಲೋಮೀಟರ್ ಓಡಿದ ಉಕ್ಕಿನ ಸಹಜ ಸವೆತ ಅದು. ಬೆರಳುಗಳ ನಡುವೆ ಉಜ್ಜಿದಾಗ ತರಿ ತರಿ ಎನಿಸದೆ ಜಾರಬೇಕು. ಚುಚ್ಚುವಂಥ ಚೂರು, ಸೂಜಿಯಂಥ ಎಳೆ, ಹಲ್ಲಿನ ತುಣುಕು ಸಿಕ್ಕಿದರೆ ಒಳಗೆ ಏನೋ ಮುರಿದಿದೆ. ಅಯಸ್ಕಾಂತಕ್ಕೆ ಅಂಟದ ಹೊಂಬಣ್ಣದ ಕಣಗಳು ಬುಷ್ ಅಥವಾ ವಾಷರ್‌ಗಳ ಸವೆತದವು. ಪ್ಯಾನಿನ ತಳದಲ್ಲಿ ಕಪ್ಪು ಚಕ್ಕೆಗಳು ದಟ್ಟವಾಗಿ ಕೂತಿದ್ದರೆ ಅವು ಕ್ಲಚ್ ಫಲಕದ ಮೇಲ್ಪದರ. 4ಎಲ್60-ಇಯಲ್ಲಿ ಮೂರು ಮತ್ತು ನಾಲ್ಕನೆಯ ಗೇರಿನ ಕ್ಲಚ್ ಕಟ್ಟು ಮೊದಲು ಸವೆಯುವ ಭಾಗವೆಂದು ಹೆಸರಾಗಿದೆ. ಅದು ಹೋದಾಗ ಎರಡನೆಯ ಗೇರ್ ಮುಗಿದು ಮೂರಕ್ಕೆ ಹೋಗುವಾಗ ಎಂಜಿನ್ ಸುಮ್ಮನೆ ಕೂಗಿಕೊಳ್ಳುತ್ತದೆ, ಕಾರಿನ ವೇಗ ಮಾತ್ರ ಏರುವುದಿಲ್ಲ.

‘ಹಳೆಯ ಗೇರ್‌ಬಾಕ್ಸಿಗೆ ಹೊಸ ಎಣ್ಣೆ ಹಾಕಿದರೆ ಕೆಡುತ್ತದೆ’ ಎಂಬ ಮಾತು ಇಂಥ ಕಾರುಗಳಿಂದಲೇ ಹುಟ್ಟಿದ್ದು. ಜಾರಲು ಶುರುವಾದ ಮೇಲೆ ಎಣ್ಣೆ ಬದಲಿಸಿದವರ ಗೇರ್‌ಬಾಕ್ಸ್ ಕೆಲವೇ ದಿನಗಳಲ್ಲಿ ಕೈಕೊಟ್ಟಾಗ ತಪ್ಪು ಹೊಸ ಎಣ್ಣೆಯ ತಲೆಗೆ ಬಂತು. ನಿಜವಾಗಿ ಅಲ್ಲಿ ಕ್ಲಚ್ ಆಗಲೇ ತೀರಿಹೋಗಿತ್ತು. ಸವೆದ ಕ್ಲಚ್ಚನ್ನು ಎಣ್ಣೆ ಮತ್ತೆ ಬೆಳೆಸಲಾರದು. ಪ್ಯಾನಿನಲ್ಲಿ ಚಕ್ಕೆಗಳು ದಟ್ಟವಾಗಿ ಕಂಡರೆ ಎಣ್ಣೆಯ ಖರ್ಚಿಗಿಂತ ರಿಪೇರಿಯ ಅಂದಾಜು ಪಡೆಯುವುದೇ ಜಾಣತನ.

ಫಿಲ್ಟರ್ ಮತ್ತು ಅದರ ಸೀಲ್

ಪ್ಯಾನ್ ತೆಗೆದ ಕೂಡಲೇ ಕಾಣುವ ಚಪ್ಪಟೆ ಪೆಟ್ಟಿಗೆಯೇ ಫಿಲ್ಟರ್. ಅದರ ಕೆಳಗಿನ ತೂತಿನಿಂದ ಎಣ್ಣೆ ಒಳಗೆ ಹೋಗಿ, ಒಳಗಿನ ಬಲೆಯನ್ನು ದಾಟಿ, ಮೇಲಿನ ಕತ್ತಿನ ಮೂಲಕ ಪಂಪಿಗೆ ಏರುತ್ತದೆ. ಕತ್ತನ್ನು ಹಿಡಿದಿರುವುದು ಬೋಲ್ಟ್ ಅಲ್ಲ, ಒಂದು ಉಂಗುರದ ಸೀಲ್. ಎರಡೂ ಕೈಯಿಂದ ಹಿಡಿದು ಸ್ವಲ್ಪ ಸ್ವಲ್ಪ ಅಲುಗಿಸುತ್ತಾ ಕೆಳಕ್ಕೆ ಎಳೆದರೆ ಫಿಲ್ಟರ್ ಬರುತ್ತದೆ. ಆಗ ಇನ್ನಷ್ಟು ಎಣ್ಣೆ ಸುರಿಯುವುದರಿಂದ ತಟ್ಟೆ ಕೆಳಗೇ ಇರಬೇಕು, ಕಣ್ಣಿಗೆ ಕನ್ನಡಕ ಇರಬೇಕು.

ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಫಿಲ್ಟರ್ ಹೊರಬಂದರೂ ಹಳೆಯ ಸೀಲ್ ಅನೇಕ ಸಲ ಮೇಲಿನ ರಂಧ್ರದಲ್ಲೇ ಉಳಿಯುತ್ತದೆ. ಅದನ್ನು ಗಮನಿಸದೆ ಹೊಸ ಸೀಲಿನೊಡನೆ ಫಿಲ್ಟರ್ ಒತ್ತಿದರೆ ಅದು ಪೂರ್ತಿ ಕೂರುವುದಿಲ್ಲ. ಸೀಲನ್ನು ತೆಗೆಯದೆ ಹಳೆಯದನ್ನೇ ಮುಂದುವರಿಸಿದರೆ, ಕಾವಿಗೆ ಗಟ್ಟಿಯಾದ ಅದರ ರಬ್ಬರ್ ಸಂದಿನಿಂದ ಪಂಪ್ ಗಾಳಿ ಎಳೆದುಕೊಳ್ಳುತ್ತದೆ. ಎಣ್ಣೆಯಲ್ಲಿ ಗಾಳಿ ಬೆರೆತರೆ ಒತ್ತಡ ನಿಲ್ಲುವುದಿಲ್ಲ, ಒತ್ತಡ ಇಲ್ಲದ ಕ್ಲಚ್ ಜಾರಿ ಸುಡುತ್ತದೆ. ಹಳೆಯ ಸೀಲಿನ ತೆಳು ಲೋಹದ ಅಂಚನ್ನು ಚಿಕ್ಕ ಸ್ಕ್ರೂಡ್ರೈವರಿನಿಂದ ಒಳಮುಖವಾಗಿ ಮಡಚಿ, ಇಕ್ಕಳದಿಂದ ಹಿಡಿದೆಳೆಯುವುದು ರೂಢಿಯ ವಿಧಾನ. ರಂಧ್ರದ ಅಲ್ಯೂಮಿನಿಯಂ ಗೋಡೆಗೆ ಗೀರು ಬೀಳದಂತೆ ನಿಧಾನವಾಗಿ ಮಾಡಬೇಕು. ಹೊಸ ಸೀಲಿಗೆ ಸ್ವಚ್ಛ ಎಣ್ಣೆ ಸವರಿ, ಅದೇ ಅಳತೆಯ ಸಾಕೆಟ್ ಇಟ್ಟು ಮೆಲ್ಲಗೆ ತಟ್ಟಿ ಸಮನಾಗಿ ಕೂರಿಸಿದ ಮೇಲೆ ಫಿಲ್ಟರಿನ ಕತ್ತನ್ನು ಒತ್ತಬೇಕು.

4ಎಲ್60-ಇಗೆ ಆಳದ ಪ್ಯಾನ್‌ಗೆ ಒಂದು, ಆಳವಿಲ್ಲದ ಪ್ಯಾನ್‌ಗೆ ಇನ್ನೊಂದು ಎಂದು ಫಿಲ್ಟರ್‌ಗಳಲ್ಲಿ ಭೇದವಿದೆ. ತಪ್ಪು ಫಿಲ್ಟರ್ ಹಾಕಿದರೆ ಅದರ ಬಾಯಿ ಪ್ಯಾನಿನ ತಳಕ್ಕೆ ಒತ್ತಿಕೊಳ್ಳಬಹುದು, ಇಲ್ಲವೇ ಎಣ್ಣೆಯ ಮಟ್ಟದಿಂದ ತೀರಾ ಮೇಲಾಗಬಹುದು. ಕೊಳ್ಳುವಾಗ ಕಾರಿನ ಮಾದರಿ ಮತ್ತು ವರ್ಷ ಹೇಳಿ ಕೊಂಡು, ಹಾಕುವ ಮುನ್ನ ಹಳೆಯದರ ಪಕ್ಕ ಇಟ್ಟು ಹೋಲಿಸಿ ನೋಡಬೇಕು.

ಪ್ಯಾನ್ ಮುಚ್ಚುವುದು

ಪ್ಯಾನನ್ನೂ ಅಯಸ್ಕಾಂತವನ್ನೂ ಬ್ರೇಕ್ ಕ್ಲೀನರ್‌ನಿಂದ ತೊಳೆದು, ನೂಲು ಬಿಡದ ಬಟ್ಟೆಯಿಂದ ಒರೆಸಬೇಕು. ಒಂದು ದಾರದೆಳೆ ಕೂಡ ವಾಲ್ವ್ ಸಿಕ್ಕಿಹಾಕಿಕೊಳ್ಳಲು ಸಾಕು. ಗ್ಯಾಸ್ಕೆಟ್ ಕೂರುವ ಎರಡೂ ಮುಖಗಳು ಒಣಗಿರಬೇಕು, ಅವುಗಳ ಮೇಲೆ ಎಣ್ಣೆಯಾಗಲಿ ಸೀಲೆಂಟ್ ಅಂಟಾಗಲಿ ಬೇಡ. ಹೊರಚೆಲ್ಲಿದ ಅಂಟಿನ ತುಣುಕು ಫಿಲ್ಟರ್ ಬಾಯಿಗೆ ಹೋಗುವ ಅಪಾಯವಿದೆ.

ಎಲ್ಲ ಬೋಲ್ಟ್‌ಗಳನ್ನೂ ಮೊದಲು ಬೆರಳಿನಿಂದಲೇ ತಿರುಗಿಸಿ ಕೂರಿಸಬೇಕು. ಆಮೇಲೆ ನಡುವಿನಿಂದ ಹೊರಕ್ಕೆ, ಒಂದರ ನಂತರ ಅದರ ಎದುರಿನದು ಎಂಬಂತೆ ಎರಡು ಮೂರು ಸುತ್ತಿನಲ್ಲಿ ಬಿಗಿಮಾಡಬೇಕು. ಕೊನೆಯ ಬಿಗಿ 11 ನ್ಯೂಟನ್ ಮೀಟರ್ ಮಾತ್ರ. ಚಕ್ರದ ನಟ್ಟಿಗೆ ಬೇಕಾದುದರ ಹತ್ತನೆಯ ಒಂದು ಭಾಗದಷ್ಟೂ ಇಲ್ಲ. ಜೋರಾಗಿ ಬಿಗಿದರೆ ಸೋರುವುದಿಲ್ಲ ಎಂಬ ನಂಬಿಕೆ ಇಲ್ಲಿ ತಿರುಗುಬಾಣವಾಗುತ್ತದೆ. ಗ್ಯಾಸ್ಕೆಟ್ ಹಿಂಡಿ ಹೊರಬರುತ್ತದೆ, ಪ್ಯಾನಿನ ಅಂಚು ಡೊಂಕಾಗುತ್ತದೆ, ಇಲ್ಲವೇ ಗೇರ್‌ಬಾಕ್ಸಿನ ಅಲ್ಯೂಮಿನಿಯಂ ಥ್ರೆಡ್ ಕಿತ್ತುಬರುತ್ತದೆ. ಟಾರ್ಕ್ ರೆಂಚ್ ಇಲ್ಲದೆ ಈ ಹಂತ ಮಾಡದಿರುವುದೇ ಲೇಸು.

ಮಟ್ಟವನ್ನು ಉಷ್ಣತೆಯಿಂದ ಅಳೆಯುವುದು

ಪ್ಯಾನ್ ಇಳಿಸಿ ಫಿಲ್ಟರ್ ಬದಲಿಸಿದಾಗ ಸಿ5ಗೆ ಸುಮಾರು 4.7 ಲೀಟರ್ ಎಣ್ಣೆ ಹಿಡಿಯುತ್ತದೆ. ಈ ಅಂಕಿ ಆರಂಭಕ್ಕೆ ಮಾತ್ರ. ಅಂತಿಮ ಮಟ್ಟ ನಿರ್ಧಾರವಾಗುವುದು ಲೀಟರಿನಿಂದಲ್ಲ, ನಿರ್ದಿಷ್ಟ ಉಷ್ಣತೆಯಲ್ಲಿ ಎಣ್ಣೆ ಮಟ್ಟದ ರಂಧ್ರಕ್ಕೆ ಸರಿಯಾಗಿ ಬಂದಿದೆಯೇ ಎಂಬುದರಿಂದ. ಕಾರಣ ಸರಳ. ಕಾದ ಎಣ್ಣೆ ಹಿಗ್ಗುತ್ತದೆ. ಇಡೀ ಗೇರ್‌ಬಾಕ್ಸಿನ ಹತ್ತು ಲೀಟರ್ ಎಣ್ಣೆ 30 ಡಿಗ್ರಿಯಿಂದ 90 ಡಿಗ್ರಿಗೆ ಏರುವಾಗ ಹೆಚ್ಚುಕಡಿಮೆ ಅರ್ಧ ಲೀಟರಿನಷ್ಟು ಉಬ್ಬುತ್ತದೆ. ತಣ್ಣಗಿದ್ದಾಗ ಸರಿ ಕಂಡದ್ದು ಕಾದಾಗ ಅತಿಯಾಗುತ್ತದೆ. ಕಾದಾಗ ಸರಿ ಕಂಡದ್ದು ತಣ್ಣಗಾದಾಗ ಕೊರತೆಯಾಗುತ್ತದೆ. ಸಿ5ಗೆ ನಿಗದಿಯಾದ ಉಷ್ಣತೆ 30ರಿಂದ 50 ಡಿಗ್ರಿ ಸೆಲ್ಸಿಯಸ್.

ಇದನ್ನು ನೋಡಲು ಬೇರೆ ಥರ್ಮಾಮೀಟರ್ ಬೇಕಿಲ್ಲ. ಕಾರಿನ ಡ್ಯಾಶ್‌ಬೋರ್ಡಿನಲ್ಲಿರುವ ಮಾಹಿತಿ ಪರದೆಯೇ ತೋರಿಸುತ್ತದೆ. ‘ಗೇಜಸ್’ ಗುಂಡಿಯನ್ನು ಒತ್ತುತ್ತಾ ಹೋದರೆ ಎಂಜಿನ್ ಎಣ್ಣೆಯ ಒತ್ತಡ, ಕೂಲೆಂಟ್ ಉಷ್ಣತೆಗಳ ಸಾಲಿನಲ್ಲಿ ಟ್ರಾನ್ಸ್‌ಮಿಷನ್ ಎಣ್ಣೆಯ ಉಷ್ಣತೆಯೂ ಬರುತ್ತದೆ. ‘ಇ/ಎಂ’ ಗುಂಡಿ ಒತ್ತಿದರೆ ಫ್ಯಾರನ್‌ಹೀಟ್ ಅಂಕಿ ಸೆಲ್ಸಿಯಸ್‌ಗೆ ಬದಲಾಗುತ್ತದೆ.

ಕೈಪಂಪಿನಿಂದ ಮೊದಲ ಸುತ್ತಿನ ಎಣ್ಣೆ ತುಂಬಿಸಿ, ಪ್ಲಗ್ ಹಾಕಿ, ಎಂಜಿನ್ ಚಾಲೂ ಮಾಡಬೇಕು. ಬ್ರೇಕ್ ಒತ್ತಿ ಹಿಡಿದು ಗೇರ್ ಕಡ್ಡಿಯನ್ನು ರಿವರ್ಸ್, ನ್ಯೂಟ್ರಲ್, ಡ್ರೈವ್ ಹೀಗೆ ಪ್ರತಿ ಸ್ಥಾನದಲ್ಲೂ ಕೆಲವು ಸೆಕೆಂಡು ನಿಲ್ಲಿಸಿ ಮತ್ತೆ ಪಾರ್ಕ್‌ಗೆ ತರಬೇಕು. ಖಾಲಿಯಾದ ಎಲ್ಲ ನಾಲೆಗಳಿಗೂ ಎಣ್ಣೆ ತುಂಬುವುದು ಆಗಲೇ. ಈ ಹಂತದಲ್ಲಿ ಒಬ್ಬರು ಸೀಟಿನಲ್ಲಿ, ಇನ್ನೊಬ್ಬರು ಹೊರಗೆ ಇರಬೇಕು. ಕಡ್ಡಿ ಪಾರ್ಕ್‌ಗೆ ಬಂದು ಹ್ಯಾಂಡ್‌ಬ್ರೇಕ್ ಎಳೆದ ಮೇಲೆಯೇ ಅಡಿಗೆ ಹೋಗಬೇಕು. ಎಂಜಿನ್ ನಿಧಾನವಾಗಿ ಓಡುತ್ತಿರುವಾಗಲೇ, ಉಷ್ಣತೆ 30 ಡಿಗ್ರಿ ದಾಟಿದೊಡನೆ ಮಟ್ಟದ ಪ್ಲಗ್ ತೆಗೆಯಬೇಕು. ಎಣ್ಣೆ ಬಾರದಿದ್ದರೆ ಕಡಿಮೆ ಇದೆ. ಹೊರಚೆಲ್ಲುವವರೆಗೆ ಸ್ವಲ್ಪ ಸ್ವಲ್ಪವೇ ಪಂಪ್ ಮಾಡಬೇಕು. ಧಾರೆಯಾಗಿ ಬಂದರೆ ಹೆಚ್ಚಿದೆ. ಧಾರೆ ತೆಳುವಾಗಿ ಹನಿ ಹನಿಯಾಗಿ ತೊಟ್ಟಿಕ್ಕುವವರೆಗೆ ಬಿಡಬೇಕು. ಆ ಹನಿಯೇ ಸರಿಯಾದ ಮಟ್ಟದ ಗುರುತು. ಕೆಲಸ ಮುಗಿಯುವಷ್ಟರಲ್ಲಿ 50 ಡಿಗ್ರಿ ಮೀರಿದರೆ ಎಂಜಿನ್ ಆರಿಸಿ, ತಣಿಯಲು ಬಿಟ್ಟು, ಮತ್ತೆ ನೋಡಬೇಕು.

ಎಂಜಿನ್ ಓಡುತ್ತಿರಲೇಬೇಕು ಎಂಬುದಕ್ಕೂ ಕಾರಣವಿದೆ. ಆರಿಸಿದಾಗ ಕನ್ವರ್ಟರ್ ಮತ್ತು ನಾಲೆಗಳಲ್ಲಿರುವ ಎಣ್ಣೆಯ ಒಂದು ಪಾಲು ಪ್ಯಾನಿಗೆ ಇಳಿದು ಮಟ್ಟ ಸುಳ್ಳು ಹೇಳುತ್ತದೆ. ಕೊರತೆಯಿಂದ ಪಂಪ್ ಗಾಳಿ ಎಳೆದು ಕ್ಲಚ್ ಸುಡುವಂತೆಯೇ ಅತಿಯಿಂದಲೂ ಹಾನಿಯಿದೆ. ತಿರುಗುವ ಭಾಗಗಳು ಎಣ್ಣೆಯನ್ನು ಕಡೆದು ನೊರೆ ಮಾಡುತ್ತವೆ, ನೊರೆಗೆ ಒತ್ತಡ ನಿಲ್ಲಿಸುವ ಶಕ್ತಿಯಿಲ್ಲ, ಹೆಚ್ಚಾದದ್ದು ಗಾಳಿಕಂಡಿಯಿಂದ ಹೊರಚಿಮ್ಮುತ್ತದೆ.

ಒಂದೇ ಸಲಕ್ಕೆ ಎಲ್ಲವೂ ಹೊಸದಾಗದು

ಗೇರ್‌ಬಾಕ್ಸಿನ ಒಟ್ಟು ಎಣ್ಣೆ ಸುಮಾರು 10.2 ಲೀಟರ್. ಪ್ಯಾನ್ ಇಳಿಸಿದಾಗ ಬದಲಾಗುವುದು 4.7 ಲೀಟರ್, ಉಳಿದದ್ದು ಕನ್ವರ್ಟರ್, ಕೂಲರ್, ಕೊಳವೆಗಳಲ್ಲೇ ಇರುತ್ತದೆ. ಅಂದರೆ ಒಂದು ಸಲದ ಬದಲಾವಣೆಗೆ ಶೇ 46ರಷ್ಟು ಮಾತ್ರ ಹೊಸ ಎಣ್ಣೆ. ಸ್ವಲ್ಪ ಓಡಿಸಿ ಎರಡೂ ಬೆರೆತ ಮೇಲೆ ಇನ್ನೊಮ್ಮೆ ಅಷ್ಟೇ ಬದಲಿಸಿದರೆ ಹೊಸದರ ಪಾಲು ಶೇ 71ಕ್ಕೆ, ಮೂರನೆಯ ಸಲಕ್ಕೆ ಶೇ 84ಕ್ಕೆ ಏರುತ್ತದೆ. ಹೆಚ್ಚು ಹಳತಾದ ಎಣ್ಣೆಗೆ ಈ ಕ್ರಮ ಸುರಕ್ಷಿತ. ಎರಡನೆಯ, ಮೂರನೆಯ ಸುತ್ತಿಗೆ ಫಿಲ್ಟರ್ ಮತ್ತೆ ಬದಲಿಸಬೇಕಿಲ್ಲ. ಪ್ಯಾನಿನ ಎಣ್ಣೆ ಇಳಿಸಿ ತುಂಬಿಸಿದರೆ ಸಾಕು. ಡ್ರೈನ್ ಪ್ಲಗ್ ಇರುವ ಪ್ಯಾನ್ ಹಾಕಿಸಿಕೊಂಡರೆ ಆ ಕೆಲಸ ಇನ್ನೂ ಸಲೀಸು.

ಬೇರೆ ಕಾರುಗಳಿಗೆ ಎಷ್ಟು ಅನ್ವಯ

2006ರಿಂದ ಕಾರ್ವೆಟ್‌ಗೆ ಬಂದ ಆರು ಗೇರಿನ 6ಎಲ್80ರಲ್ಲೂ ಪ್ಯಾನ್, ಒತ್ತಿ ಕೂರಿಸುವ ಫಿಲ್ಟರ್, ಉಷ್ಣತೆಯ ಲೆಕ್ಕದ ಮಟ್ಟ ಎಲ್ಲ ಇದೇ ತತ್ವದವು. ಆದರೆ ಅದರ ನಿಯಂತ್ರಣ ಕಂಪ್ಯೂಟರ್ ಎಣ್ಣೆಯೊಳಗೇ ಕೂತಿರುವುದರಿಂದ ಪ್ಯಾನ್ ತೆಗೆದಾಗ ಅದರ ಕನೆಕ್ಟರ್‌ಗಳನ್ನು ಮುಟ್ಟಬಾರದು. ಅದಕ್ಕೆ ಡೆಕ್ಸ್‌ರಾನ್-6 ಮಾತ್ರ ಸಲ್ಲುತ್ತದೆ. 2020ರಲ್ಲಿ ಬಂದ ಸಿ8ರದ್ದು ಟ್ರೆಮೆಕ್ ಕಂಪನಿಯ ಎಂಟು ಗೇರಿನ ಡ್ಯುಯಲ್ ಕ್ಲಚ್ ಪೆಟ್ಟಿಗೆ. ಅದರ ಫಿಲ್ಟರ್ ಎಂಜಿನ್ ಆಯಿಲ್ ಫಿಲ್ಟರಿನಂತೆ ಹೊರಗಿದೆ, ಎಣ್ಣೆಯೂ ಬೇರೆ ಬಗೆಯದು. ಹೊಸ ಗೇರ್‌ಗಳು ಹೊಂದಿಕೊಳ್ಳುವಾಗ ಬೀಳುವ ಪುಡಿಯನ್ನು ತೆಗೆಯಲು ಅದರ ಮೊದಲ ಫಿಲ್ಟರನ್ನು 7,500 ಮೈಲಿಗೇ, ಅಂದರೆ ಸುಮಾರು 12 ಸಾವಿರ ಕಿಲೋಮೀಟರಿಗೇ ಬದಲಿಸಲು ಕಂಪನಿ ಸೂಚಿಸಿತು.

ಬೆಂಗಳೂರಿನ ದಟ್ಟಣೆಯಲ್ಲಿ ಓಡುವ ಟಾರ್ಕ್ ಕನ್ವರ್ಟರ್ ಕಾರುಗಳಿಗೂ ಕಾವು, ಸವೆತ, ಮಟ್ಟದ ನಿಯಮ ಒಂದೇ. ಎಣ್ಣೆಯ ಹೆಸರು, ಅಳತೆ, ಮಟ್ಟ ನೋಡುವ ಉಷ್ಣತೆ ಮಾತ್ರ ಆಯಾ ಕಾರಿನ ಸರ್ವಿಸ್ ಪುಸ್ತಕದ್ದೇ ಆಗಬೇಕು. ಸಿವಿಟಿ ಗೇರ್‌ಬಾಕ್ಸಿಗೆ ಅದರದೇ ಎಣ್ಣೆ ಬೇಕು, ಡೆಕ್ಸ್‌ರಾನ್ ಹಾಕಿದರೆ ಹಾಳಾಗುತ್ತದೆ. ಎಎಂಟಿ ಎಂದರೆ ಮೂಲತಃ ಮ್ಯಾನುಯಲ್ ಗೇರ್‌ಬಾಕ್ಸ್. ಅದರಲ್ಲಿ ಟಾರ್ಕ್ ಕನ್ವರ್ಟರ್ ಇಲ್ಲದ್ದರಿಂದ ಇಲ್ಲಿನ ಕ್ರಮ ಅದಕ್ಕೆ ಅನ್ವಯಿಸುವುದಿಲ್ಲ.

ಕೆಲಸ ಮುಗಿದ ಮೇಲೆ

ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ ಬಂದು ಪ್ಯಾನಿನ ಅಂಚು, ಪ್ಲಗ್‌ಗಳ ಸುತ್ತ ಬಿಳಿ ಬಟ್ಟೆಯಿಂದ ಒರೆಸಿ ನೋಡಬೇಕು. ಕೆಂಪು ಕಲೆ ಕಂಡರೆ ಎಲ್ಲಿಂದ ಜಿನುಗುತ್ತಿದೆ ಎಂದು ಹುಡುಕಬೇಕು. ಒಂದು ವಾರದ ನಂತರ ಇನ್ನೊಮ್ಮೆ ಅದೇ ತಪಾಸಣೆ. ಇಳಿಸಿದ ಎಣ್ಣೆಯನ್ನು ಮುಚ್ಚಳವಿರುವ ಡಬ್ಬಿಗೆ ತುಂಬಿ, ಬಳಸಿದ ಎಣ್ಣೆ ಸಂಗ್ರಹಿಸುವ ಕೇಂದ್ರಕ್ಕೆ ಕೊಡಬೇಕು. ಅಮೆರಿಕದಲ್ಲಿ ಬಿಡಿಭಾಗ ಮಾರುವ ಅನೇಕ ಅಂಗಡಿಗಳು ಅದನ್ನು ಪಡೆದುಕೊಳ್ಳುತ್ತವೆ. ಕೂಲೆಂಟ್, ಬ್ರೇಕ್ ಕ್ಲೀನರ್ ಬೆರೆತ ಎಣ್ಣೆಯನ್ನು ಮರುಬಳಕೆಗೆ ತೆಗೆದುಕೊಳ್ಳುವುದಿಲ್ಲವಾದ್ದರಿಂದ ಅವನ್ನು ಬೇರೆಯಾಗಿಡಬೇಕು. ಮೋರಿಗೆ, ಮಣ್ಣಿಗೆ ಸುರಿದರೆ ಅದು ಅಂತರ್ಜಲಕ್ಕೆ ಸೇರುತ್ತದೆ.

ಬದಲಿಸಿದ ದಿನಾಂಕ, ಮೀಟರಿನ ಅಂಕಿ, ಎಣ್ಣೆಯ ದರ್ಜೆ, ಹಿಡಿದ ಪ್ರಮಾಣ, ಅಯಸ್ಕಾಂತದ ಮೇಲೆ ಕಂಡದ್ದು ಇಷ್ಟನ್ನೂ ಬರೆದಿಟ್ಟು, ಸಾಧ್ಯವಾದರೆ ಪ್ಯಾನಿನ ಫೋಟೋ ಜೊತೆಗಿಡಬೇಕು. ಮುಂದಿನ ಸಲ ಪ್ಯಾನ್ ತೆಗೆದಾಗ ಸವೆತ ಹೆಚ್ಚಿದೆಯೋ ಹಾಗೆಯೇ ಇದೆಯೋ ಎಂದು ತಿಳಿಯಲು, ಕಾರು ಮಾರುವಾಗ ಹೊಸ ಮಾಲೀಕರಿಗೆ ಭರವಸೆ ಕೊಡಲು ಆ ಒಂದು ಪುಟದ ದಾಖಲೆ ಸಾಕು.